ಆ್ಯಂಟಿವೈರಸ್ ಆಫ್ ಮಾಡು ಅಂದವನು ನಾನೇ



ನಾನು ಮೈಸೂರಿನ ಕೆಸರೆಯವನು. ಎರಡನೇ ಹಂತದಲ್ಲಿ ನನ್ನದೊಂದು ಪುಟ್ಟ ಅಂಗಡಿ ಇದೆ. ಬೋರ್ಡಿನಲ್ಲಿ 'ಕಂಪ್ಯೂಟರ್ ಸೇಲ್ಸ್ ಅಂಡ್ ಸರ್ವೀಸ್' ಅಂತ ಬರೆಸಿದ್ದೀನಿ, ಆದರೆ ಸೇಲ್ಸ್ ಅನ್ನೋದು ತಿಂಗಳಿಗೆ ಒಂದಾದರೆ ಹೆಚ್ಚು. ಮಿಕ್ಕಿದ್ದೆಲ್ಲ ಸರ್ವೀಸು, ಜೊತೆಗೆ ಜೆರಾಕ್ಸು, ಪ್ರಿಂಟೌಟು. ಕೆಸರೆ, ರಾಜೇಂದ್ರನಗರ, ರಾಜೀವನಗರ, ಸಾತಗಳ್ಳಿ ಕಡೆಯ ಮನೆಗಳಿಗೆ ಬ್ಯಾಗು ಹಾಕ್ಕೊಂಡು ಸ್ಕೂಟರಲ್ಲಿ ಓಡಾಡ್ತೀನಿ. ಇಪ್ಪತ್ತು ವರ್ಷದಿಂದ ಇದೇ ಕೆಲಸ.

ಮನೆಯಲ್ಲಿರೋ ಕಂಪ್ಯೂಟರನ್ನ ಆನ್‌ಲೈನ್ ಕಳ್ಳರಿಂದ ಕಾಪಾಡಿಕೊಳ್ಳೋದು ಹೇಗೆ, ಅದರ ಬಗ್ಗೆ ಮಾತಾಡಿ ಅಂತ ನನ್ನನ್ನು ಕೇಳಿದರು. ಒಂದು, ಎರಡು, ಮೂರು ಅಂತ ಪಟ್ಟಿ ಓದಿ ಮುಗಿಸಬಹುದು. ಅಂಥ ಪಟ್ಟಿಗಳನ್ನು ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೀನಿ. ಕೇಳಿದ ಮೇಲೂ ನಾನು ತಪ್ಪು ಮಾಡಿದೆ. ಹಾಗಾಗಿ ಇವತ್ತು ಆ ತಪ್ಪಿನ ಕತೆಯನ್ನೇ ಹೇಳ್ತೀನಿ. ಪಟ್ಟಿ ಅದರೊಳಗೇ ಬರುತ್ತೆ.

ನಮ್ಮ ಅಂಗಡಿಯಿಂದ ಮೂರು ಕ್ರಾಸ್ ದಾಟಿದರೆ ಒಬ್ಬರು ಮೇಷ್ಟ್ರ ಮನೆ. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಮಗ, ಸೊಸೆ, ಮೊಮ್ಮಗ ಜೊತೆಗಿದ್ದಾರೆ. ಅವರ ಮನೆಯವರು ಸೋಬಾನೆ ಪದ, ರಾಗಿ ಬೀಸೋ ಪದ ಎಲ್ಲ ಹಾಡ್ತಿದ್ದರು. ಮದುವೆ ಮನೆಗಳಲ್ಲಿ ಅರಿಶಿನ ಕುಟ್ಟೋದಕ್ಕೆ ಅವರೇ ಬೇಕು ಅಂತ ಕರ್ಕೊಂಡು ಹೋಗ್ತಿದ್ದ ಕಾಲ ಇತ್ತು. ಕಾಯಿಲೆ ಬಿದ್ದ ಮೇಲೆ, ದಿನಾ ಸಾಯಂಕಾಲ ಒಂದೊಂದೇ ಹಾಡಿಸಿ, ಮೇಷ್ಟ್ರು ತಮ್ಮ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡರು. ಒಟ್ಟು ನಲವತ್ತಮೂರು ಪದ. ಅಮ್ಮ 2018ರಲ್ಲಿ ತೀರಿಕೊಂಡರು. ಮೊಬೈಲ್ ಕೈಕೊಡುವ ಮುಂಚೆ ಅವನ್ನೆಲ್ಲ ಎಂಪಿ3 ಮಾಡಿ ಕಂಪ್ಯೂಟರಿಗೆ ಹಾಕಿಕೊಟ್ಟವನು ನಾನೇ. ಡೆಸ್ಕ್‌ಟಾಪ್ ಮೇಲೆ ಒಂದು ಫೋಲ್ಡರ್. ಮೊಮ್ಮಗ ಅದಕ್ಕೆ 'ಅಜ್ಜಿ ಪದ' ಅಂತ ಹೆಸರಿಟ್ಟಿದ್ದ.

"ಒಂದೇ ಕಡೆ ಇದ್ದರೆ ಸಾಲದು ಮೇಷ್ಟ್ರೇ, ಇನ್ನೊಂದು ಕಾಪಿ ಇರಲಿ" ಅಂತ ಒಂದು ಹೊರಗಿನ ಹಾರ್ಡ್ ಡಿಸ್ಕನ್ನೂ ನಾನೇ ಮಾರಿದ್ದೆ. ಹಾಡು, ಫೋಟೋ, ಪಿಂಚಣಿ ಕಾಗದ ಎಲ್ಲದರ ನಕಲು ಅದರಲ್ಲಿ ಇತ್ತು. ಡಿಸ್ಕು ಸಿಪಿಯು ಹಿಂದೆ ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ ಇತ್ತು. ತೆಗೆದು ಬೇರೆ ಕಡೆ ಇಡಿ ಅಂತ ನಾನು ಹೇಳಲಿಲ್ಲ. ಆಗ ನನಗೆ ಅದು ಮುಖ್ಯ ಅನಿಸಿರಲಿಲ್ಲ.

2021ನೇ ಇಸವಿ, ಆನ್‌ಲೈನ್ ಕ್ಲಾಸುಗಳ ಕಾಲ. ಮೊಮ್ಮಗ ಡಿಗ್ರಿ ಓದ್ತಿದ್ದ. ಫೋಟೋ ಎಡಿಟ್ ಮಾಡೋ ಒಂದು ಸಾಫ್ಟ್‌ವೇರ್ ಬೇಕಿತ್ತು. ಅಸಲಿ ತಗೊಂಡರೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ನನಗೆ ಫೋನ್ ಮಾಡಿದ. ಅಂಗಡಿಯಲ್ಲಿ ಗಿರಾಕಿ ಇದ್ದರು, ಅವಸರದಲ್ಲಿದ್ದೆ. "ಕ್ರ್ಯಾಕ್ ಅಂತ ಹುಡುಕು, ಸಿಗುತ್ತೆ. ಇನ್‌ಸ್ಟಾಲ್ ಮಾಡುವಾಗ ಆ್ಯಂಟಿವೈರಸ್ ಕೂಗಾಡುತ್ತೆ, ಹೆದರಬೇಡ. ಐದು ನಿಮಿಷ ಆಫ್ ಮಾಡ್ಕೋ, ಆಮೇಲೆ ಆನ್ ಮಾಡು" ಅಂದೆ. ಇದೇ ಮಾತನ್ನು ಅದಕ್ಕೆ ಮುಂಚೆ ನೂರಾರು ಜನಕ್ಕೆ ಹೇಳಿದ್ದೀನಿ. ಏನೂ ಆಗಿರಲಿಲ್ಲ. ಅಥವಾ ಏನೋ ಆಗಿದ್ದು ನನಗೆ ಗೊತ್ತಾಗಿರಲಿಲ್ಲ.

ಅವನು ಹಾಗೇ ಮಾಡಿದ. ಫೈಲ್ ಒತ್ತಿದ ತಕ್ಷಣ 'ವಿಂಡೋಸ್ ಅಪ್‌ಡೇಟ್ ಆಗುತ್ತಿದೆ' ಅನ್ನೋ ಥರ ಒಂದು ಪರದೆ ಬಂತು. ಆಗಲಿ ಅಂತ ಎದ್ದು ಊಟಕ್ಕೆ ಹೋದ. ಆ ಪರದೆ ಸುಳ್ಳು. ಮನೆಯವರು ಮಷೀನ್ ಆಫ್ ಮಾಡದೆ ಸುಮ್ಮನಿರಲಿ ಅಂತ ಹಾಕಿದ ತೆರೆ ಅದು. ಅದರ ಹಿಂದೆ ಒಂದೊಂದೇ ಫೈಲು ಬೀಗ ಹಾಕಿಸಿಕೊಳ್ತಾ ಇತ್ತು.

ರಾತ್ರಿ ಒಂಬತ್ತೂವರೆಗೆ ಮೇಷ್ಟ್ರ ಫೋನು. "ಏನಪ್ಪ, ನಮ್ಮ ಕಂಪ್ಯೂಟರಲ್ಲಿ ಎಲ್ಲಾ ಬಿಳೀ ಹಾಳೆ ಆಗ್ಬಿಟ್ಟಿದೆ. ಒಂಚೂರು ಬಂದು ನೋಡ್ತೀಯಾ?"

ಹೋಗಿ ನೋಡಿದೆ. ಪ್ರತಿ ಫೈಲಿನ ಹೆಸರಿನ ಬಾಲಕ್ಕೆ ನಾಲ್ಕು ಅಕ್ಷರ ಹೊಸದಾಗಿ ಸೇರಿಕೊಂಡಿದೆ. ಫೋಲ್ಡರಿಗೊಂದು 'ರೀಡ್‌ಮಿ' ಅನ್ನೋ ಚೀಟಿ. ನಿಮ್ಮ ಫೈಲ್ ವಾಪಸ್ ಬೇಕಾದರೆ 980 ಡಾಲರ್ ಕೊಡಿ, 72 ಗಂಟೆ ಒಳಗೆ ಸಂಪರ್ಕಿಸಿದರೆ ಅರ್ಧ, ಅಂದರೆ 490 ಡಾಲರ್. ಆಗಿನ ಲೆಕ್ಕದಲ್ಲಿ ಆ ಅರ್ಧವೇ ಸುಮಾರು 36 ಸಾವಿರ ರೂಪಾಯಿ. ಹಿಂದೆ ಸಿಕ್ಕಿಸಿದ್ದ ಹಾರ್ಡ್ ಡಿಸ್ಕ್ ತೆರೆದೆ. ಅಲ್ಲೂ ಅದೇ ಬಾಲ, ಅದೇ ಚೀಟಿ. ಕಂಪ್ಯೂಟರಿಗೆ ಕಾಣುವ ಡಿಸ್ಕು ವೈರಸ್ಸಿಗೂ ಕಾಣುತ್ತೆ.

ಇದನ್ನು ರ‍್ಯಾನ್‌ಸಮ್‌ವೇರ್ ಅಂತಾರೆ. ಫೈಲನ್ನು ಒತ್ತೆ ಇಟ್ಟುಕೊಂಡು ದುಡ್ಡು ಕೇಳೋದು. ನಮ್ಮನೆಗೆ ಬಂದಿದ್ದ ಜಾತಿಯ ಹೆಸರು ಸ್ಟಾಪ್, ದೇಜಾವೂ ಅಂತಲೂ ಕರೀತಾರೆ. ದೊಡ್ಡ ಕಂಪನಿಗಳ ತಂಟೆಗೆ ಹೋಗದೆ, ನಮ್ಮಂಥ ಮನೆಗಳಿಗೇ ಬರೋದು ಇದು. ಬರೋ ದಾರಿ ಮುಖ್ಯವಾಗಿ ಒಂದೇ: ಪುಕ್ಕಟೆ ಕ್ರ್ಯಾಕು, ಕೀಜೆನ್ನು. ಯಾಕೆ ಆ ದಾರಿ ಹಿಡಿದರು ಅಂತ ಯೋಚನೆ ಮಾಡಿ. ಕ್ರ್ಯಾಕ್ ಹಾಕುವವನು ಆ್ಯಂಟಿವೈರಸ್ಸನ್ನು ತಾನೇ ಕೈಯಾರೆ ಆಫ್ ಮಾಡ್ತಾನೆ ಅಂತ ಅವರಿಗೆ ಗೊತ್ತು. ಬೀಗ ಒಡೆಯೋ ಶ್ರಮವೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಕಾವಲು ಕಾಯಬೇಕಾದ ನಾನೇ ಕಾವಲು ತೆಗಿ ಅಂತ ಹೇಳಿಕೊಟ್ಟಿದ್ದೆ.

ಆವತ್ತು ರಾತ್ರಿ ನಾನು ಮಾಡಿದ ಸರಿಯಾದ ಕೆಲಸ ಅಂದರೆ ಇಂಟರ್ನೆಟ್ ವೈರ್ ಕಿತ್ತಿದ್ದು, ದುಡ್ಡು ಕಟ್ಟಬೇಡಿ ಅಂದಿದ್ದು. ಕಟ್ಟಿದರೆ ಕೊಡ್ತಾರೆ ಅನ್ನೋ ಖಾತ್ರಿ ಇಲ್ಲ. ಕೊಟ್ಟರೂ ಆ ದುಡ್ಡಲ್ಲಿ ನಾಳೆ ಇನ್ನೊಬ್ಬರ ಮನೆಗೆ ಬರ್ತಾರೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈ ವೈರಸ್ ಬರುವಾಗ ಎಷ್ಟೋ ಸಲ ಪಾಸ್‌ವರ್ಡ್ ಕದಿಯೋ ಇನ್ನೊಂದು ಕಳ್ಳ ಪ್ರೋಗ್ರಾಮನ್ನೂ ಜೊತೆಗೆ ಕರ್ಕೊಂಡು ಬರುತ್ತೆ. ಅದಕ್ಕೇ ಅದೇ ರಾತ್ರಿ ಮೇಷ್ಟ್ರ ಮಗನ ಮೊಬೈಲಿಂದ ಎಲ್ಲರ ಇಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸಿದೆವು. ನೆನಪಿಡಿ, ಸೋಂಕು ತಗುಲಿದ ಕಂಪ್ಯೂಟರಲ್ಲೇ ಕೂತು ಪಾಸ್‌ವರ್ಡ್ ಬದಲಾಯಿಸಬಾರದು. ಹೊಸದನ್ನೂ ಅವರ ಕೈಗೇ ಕೊಟ್ಟ ಹಾಗಾಗುತ್ತೆ.

ನಾನು ಮಾಡದೇ ಇದ್ದ ಕೆಲಸವೂ ಒಂದಿದೆ. ನಡೆದದ್ದು ಏನು ಅಂತ ಬಾಯಿ ಬಿಡಲಿಲ್ಲ. ಹುಡುಗನ ಅಪ್ಪ ನನ್ನೆದುರಿಗೇ ಅವನಿಗೆ ಬೈದರು. "ಅಜ್ಜಿ ಹಾಡು ಕಳೆದುಬಿಟ್ಟೆಯಲ್ಲೋ" ಅಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ನನ್ನ ಕಡೆ ಒಂದು ಸಲ ನೋಡಿದ, ಅಷ್ಟೇ. 'ಅಂಕಲ್ ಹೇಳಿದ್ದು' ಅಂತ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಸಿಪಿಯು ಎತ್ತಿಕೊಂಡು ಅಂಗಡಿಗೆ ಬಂದುಬಿಟ್ಟೆ.

ಎರಡು ದಿನ ನಿದ್ದೆ ಇಲ್ಲ. ಈ ವೈರಸ್ಸಿಗೆ ಬಿಡುಗಡೆ ಇದೆಯಾ ಅಂತ ಹುಡುಕಿದೆ. ಎಮ್ಸಿಸಾಫ್ಟ್ ಅನ್ನೋ ಕಂಪನಿ 2019ರ ಅಕ್ಟೋಬರಲ್ಲೇ ಇದರ 148 ತಳಿಗಳಿಗೆ ಪುಕ್ಕಟೆ ಬೀಗದ ಕೈ ಬಿಟ್ಟಿತ್ತು. ಆದರೆ 2019ರ ಆಗಸ್ಟ್ ಆದಮೇಲಿನ ಹೊಸ ತಳಿಗಳ ಕತೆ ಬೇರೆ. ವೈರಸ್ ಕೆಲಸ ಮಾಡುವಾಗ ಅದಕ್ಕೆ ತನ್ನ ಯಜಮಾನನ ಸರ್ವರ್ ಸಿಕ್ಕಿದರೆ ಆ ಮನೆಗೆ ಅಂತಲೇ ಒಂದು ಬೇರೆ ಬೀಗದ ಕೈ ತರಿಸಿಕೊಳ್ಳುತ್ತೆ. ಸಿಗದೇ ಹೋದರೆ ತನ್ನೊಳಗೇ ಇರೋ ಸಾಮಾನ್ಯ ಕೈಯಲ್ಲಿ ಬೀಗ ಹಾಕುತ್ತೆ. ಎರಡನೆಯದಾದರೆ ಇವತ್ತಲ್ಲ ನಾಳೆ ತೆಗೆಯೋ ಅವಕಾಶ ಇದೆ. ಚೀಟಿಯಲ್ಲಿ ಕೊಟ್ಟಿರೋ ಐಡಿ 'ಟಿ1' ಅಂತ ಮುಗಿದರೆ ಅದು ಸಾಮಾನ್ಯ ಕೈ ಅಂತ ಗುರುತು. ಮೇಷ್ಟ್ರ ಐಡಿ ಹಾಗೆ ಮುಗಿದಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಮೇಷ್ಟ್ರು ಜಗಲಿ ಮೇಲೆ ಪೇಪರ್ ಓದ್ತಾ ಕೂತಿದ್ದರು. "ಮೇಷ್ಟ್ರೇ, ಆ್ಯಂಟಿವೈರಸ್ ಆಫ್ ಮಾಡು ಅಂತ ಹುಡುಗನಿಗೆ ಹೇಳಿದ್ದು ನಾನು. ಅವನದೇನೂ ತಪ್ಪಿಲ್ಲ" ಅಂದೆ. ಅವರು ಕನ್ನಡಕ ತೆಗೆದು, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಗು ಸರಿಯಾಗಿ ಊಟ ಮಾಡ್ತಿಲ್ಲ. ಒಳಗಿದ್ದಾನೆ, ಮೊದಲು ಅವರಪ್ಪನ ಮುಂದೆ ಈ ಮಾತು ಹೇಳು ಹೋಗು" ಅಂದರು. ಬೇರೇನೂ ಅನ್ನಲಿಲ್ಲ. ಹೋಗಿ ಹೇಳಿದೆ.

ಹಾಡುಗಳ ವಿಷಯಕ್ಕೆ ಬರ್ತೀನಿ. ಈ ವೈರಸ್ಸಿಗೆ ಒಂದು ಅವಸರ ಇದೆ. ಬೇಗ ಬೇಗ ಮುಗಿಸಬೇಕು, ಮನೆಯವರಿಗೆ ಗೊತ್ತಾಗೋ ಮುಂಚೆ. ಅದಕ್ಕೆ ಪ್ರತಿ ಫೈಲನ್ನು ಪೂರ್ತಿ ಲಾಕ್ ಮಾಡಲ್ಲ. ಮೊದಲ ಸುಮಾರು 150 ಕೆಬಿಯನ್ನು ಮಾತ್ರ ಕೆಡಿಸಿ ಮುಂದಿನ ಫೈಲಿಗೆ ಹೋಗುತ್ತೆ. ವರ್ಡ್ ಕಾಗದದಂಥ ಚಿಕ್ಕ ಫೈಲ್ ಆದರೆ ಅಷ್ಟರಲ್ಲೇ ಪೂರ್ತಿ ಹೋಯಿತು. ಎಂಪಿ3 ಹಾಗಲ್ಲ. ಅದು ಚಿಕ್ಕ ಚಿಕ್ಕ ತುಂಡುಗಳ ಸಾಲು, ಒಂದೊಂದು ತುಂಡೂ ತನ್ನಷ್ಟಕ್ಕೆ ತಾನು ಕೇಳಿಸುತ್ತೆ. ಮುಂದಿನ ಕೆಟ್ಟ ಭಾಗ ಕತ್ತರಿಸಿ ಎಸೆದರೆ ಹಿಂದಿನದು ಉಳಿಯುತ್ತೆ. ಇದು ಗೊತ್ತಾದ ಮೇಲೆ ಒಂದು ಹಾಡಿನ ಮೇಲೆ ಪ್ರಯತ್ನ ಮಾಡಿದೆ. ಅಂಗಡಿಯ ಚಿಕ್ಕ ಸ್ಪೀಕರಲ್ಲಿ ಅಮ್ಮನ ದನಿ ಬಂತು.

ನಲವತ್ತಮೂರೂ ಬಂದವು. ಆದರೆ ಪ್ರತಿ ಹಾಡಿನ ಮೊದಲ ಒಂಬತ್ತು-ಹತ್ತು ಸೆಕೆಂಡ್ ಇಲ್ಲ. ಸೋಬಾನೆ ಪದದಲ್ಲಿ ಅಷ್ಟು ಹೊತ್ತು ಅಂದರೆ ಮೊದಲ ಸಾಲು. ಈಗ ಎಲ್ಲಾ ಹಾಡೂ ನಡುವಿಂದ ಶುರುವಾಗುತ್ತೆ. ಮೇಷ್ಟ್ರು ಕೇಳುವಾಗ ಮೊದಲ ಸಾಲನ್ನು ತಾವೇ ಮೆಲ್ಲಗೆ ಹೇಳಿಕೊಂಡು ಆಮೇಲೆ ಬಟನ್ ಒತ್ತುತ್ತಾರೆ. ನಾನು ಕಂಡಿದ್ದೀನಿ. ಅವರ ಮದುವೆಯ ಸ್ಕ್ಯಾನ್ ಮಾಡಿದ ಫೋಟೋಗಳು ಮಾತ್ರ ಹೋದದ್ದು ಹೋದ ಹಾಗೇ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಆದರೂ ಆವತ್ತಿಂದ ನಾನು ಕೆಲಸ ಮಾಡೋ ರೀತಿ ಬದಲಾಯಿಸಿದ್ದೀನಿ. ಯಾರ ಮನೆಗೆ ಹೋದರೂ ಈಗ ಇಷ್ಟು ಮಾಡಿ ಬರ್ತೀನಿ. ನೀವೂ ಮಾಡ್ಕೊಳ್ಳಿ.

ಮೊದಲನೆಯದು ನಕಲು. ನಿಮಗೆ ಕಳೆದುಕೊಳ್ಳಲಾಗದ ಫೈಲ್ ಯಾವುದು ಅಂತ ಮನೆಯವರೆಲ್ಲ ಕೂತು ಗುರುತು ಮಾಡಿ. ಅದರ ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಥರದ ಜಾಗದಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಹಾರ್ಡ್ ಡಿಸ್ಕಿಗೆ ಕಾಪಿ ಆದ ತಕ್ಷಣ ವೈರ್ ಬಿಚ್ಚಿ ಬೀರುವಿನಲ್ಲಿ ಇಡಿ. ತಿಂಗಳಿಗೆ ಒಂದು ಸಲ, ಅಮಾವಾಸ್ಯೆಗೋ ಸಂಬಳದ ದಿನಕ್ಕೋ, ಮತ್ತೆ ತೆಗೆದು ಕಾಪಿ ಮಾಡಿ. ಕಾಪಿ ಮಾಡಿದ್ದು ತೆರೆಯುತ್ತಾ ಅಂತಲೂ ಒಂದು ಫೈಲ್ ತೆರೆದು ನೋಡಿ.

ಎರಡನೆಯದು ಅಪ್‌ಡೇಟ್. ಇದರಲ್ಲೂ ನನ್ನ ಪಾಪ ಇದೆ. ಡಾಟಾ ದುಬಾರಿ ಇದ್ದ ಕಾಲದಲ್ಲಿ "ನೆಟ್ ಎಲ್ಲಾ ಇದೇ ತಿಂದು ಹಾಕುತ್ತೆ" ಅಂತ ಎಷ್ಟೋ ಮನೆಗಳಲ್ಲಿ ಅಪ್‌ಡೇಟ್ ನಿಲ್ಲಿಸಿ ಬಂದಿದ್ದೆ. 2017ರ ಮೇ 12ರಂದು ವಾನಾಕ್ರೈ ಅನ್ನೋ ರ‍್ಯಾನ್‌ಸಮ್‌ವೇರ್ ಜಗತ್ತಿನ 150ಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮುಂಚೆ, ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕಿಕೊಂಡವರು ಬಚಾವಾದರು. ವಿಂಡೋಸ್ ಮಾತ್ರ ಅಲ್ಲ, ಬ್ರೌಸರ್ರಿಗೂ ಇದೇ ಮಾತು.

ವಿಂಡೋಸ್ 10 ಇಟ್ಟುಕೊಂಡಿರೋ ಮನೆಗಳು ನಮ್ಮ ಏರಿಯಾದಲ್ಲಿ ಬೇಕಾದಷ್ಟಿವೆ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಅಪ್‌ಡೇಟ್ ಮುಗಿದಿದೆ. ಕಂಪ್ಯೂಟರ್ ಓಡ್ತಾ ಇರುತ್ತೆ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ಹಳೇ ಮಷೀನ್‌ಗಳಲ್ಲಿ ಇರಲ್ಲ. ಅಂಥವಕ್ಕೆ ನಾನು ಲಿನಕ್ಸ್ ಮಿಂಟ್ ಹಾಕಿಕೊಡ್ತೀನಿ. ದುಡ್ಡಿಲ್ಲ, ಕನ್ನಡ ಟೈಪಿಂಗೂ ಆಗುತ್ತೆ. ಇಮೇಲು, ಯೂಟ್ಯೂಬು, ಕಾಗದ ಪತ್ರಕ್ಕೆ ಧಾರಾಳ ಸಾಕು.

ಮೂರನೆಯದು, ಎರಡು ಅಕೌಂಟ್. ಮನೆ ಕಂಪ್ಯೂಟರಲ್ಲಿ ದಿನಾ ಬಳಸೋ ಅಕೌಂಟಿಗೆ ಯಜಮಾನಿಕೆ ಬೇಡ. ಅಡ್ಮಿನ್ ಅಕೌಂಟ್ ಬೇರೆ ಇರಲಿ, ಪಾಸ್‌ವರ್ಡ್ ದೊಡ್ಡವರ ಹತ್ತಿರ ಇರಲಿ. ಹೊಸ ಪ್ರೋಗ್ರಾಂ ಹಾಕಬೇಕಾದರೆ ಪಾಸ್‌ವರ್ಡ್ ಕೇಳುತ್ತೆ. ಆ ಕ್ಷಣದಲ್ಲಿ ಇನ್ನೊಬ್ಬರು 'ಏನಿದು' ಅಂತ ಕೇಳೋ ಹಾಗಾಗುತ್ತೆ. ವಿಂಡೋಸ್ ಜೊತೆಗೇ ಬರೋ ಡಿಫೆಂಡರ್ ಮನೆಗೆ ಸಾಕು, ಆನ್ ಇದ್ದರೆ. ಅದರಲ್ಲೇ ರ‍್ಯಾನ್‌ಸಮ್‌ವೇರ್ ಪ್ರೊಟೆಕ್ಷನ್ ಅಂತ ಒಂದು ಸ್ವಿಚ್ ಇದೆ, ಸಾಮಾನ್ಯವಾಗಿ ಆಫ್ ಇರುತ್ತೆ, ಆನ್ ಮಾಡಿಸಿಕೊಳ್ಳಿ.

ನಾಲ್ಕನೆಯದು, ಪುಕ್ಕಟೆ ಬೇಕಾದರೆ ಅಸಲಿ ಪುಕ್ಕಟೆಯನ್ನೇ ತಗೊಳ್ಳಿ. ಫೋಟೋಗೆ ಗಿಂಪ್ ಇದೆ, ಚಿತ್ರ ಬರೆಯೋಕೆ ಕ್ರಿಟಾ, ಡಿಸೈನಿಗೆ ಇಂಕ್‌ಸ್ಕೇಪ್, ಕಾಗದ ಪತ್ರಕ್ಕೆ ಲಿಬ್ರೆಆಫೀಸ್. ಆವತ್ತು ಆ ಹುಡುಗನಿಗೆ ಈ ಹೆಸರುಗಳನ್ನು ಹೇಳೋದಕ್ಕೆ ನನಗೆ ಅರ್ಧ ನಿಮಿಷ ಸಾಕಾಗಿತ್ತು.

ಐದನೆಯದು ಈಗೀಗ ತುಂಬಾ ಬರ್ತಾ ಇರೋದು. ನೆಟ್ ನೋಡ್ತಾ ಇರುವಾಗ ಪರದೆ ತುಂಬ ಕೆಂಪಗೆ, ನೀಲಿಗೆ ಎಚ್ಚರಿಕೆ. 'ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ತಕ್ಷಣ ಈ ನಂಬರಿಗೆ ಫೋನ್ ಮಾಡಿ.' ಜೊತೆಗೆ ಕಿವಿಗಡಚಿಕ್ಕೋ ಹಾಗೆ ಬೀಪ್. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರೋದೇ ಇಲ್ಲ. ನಂಬರ್ ಕಂಡರೆ ಸುಳ್ಳು ಅಂತ ತಿಳಿದುಕೊಳ್ಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಬ್ರೌಸರ್ ಮುಚ್ಚಿ. ಅದೂ ಆಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಆ ನಂಬರಿಗೆ ಫೋನ್ ಮಾಡಿದರೆ, ದೂರದಿಂದ ನಿಮ್ಮ ಪರದೆ ನೋಡೋ ಆ್ಯಪ್ ಹಾಕಿಸ್ತಾರೆ. ಎನಿಡೆಸ್ಕ್ ಹೆಸರು ಹೇಳಿಯೇ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ ಸಾಫ್ಟ್‌ವೇರ್ ಕೆಟ್ಟದ್ದಲ್ಲ, ನಾನೂ ಬಳಸ್ತೀನಿ. ನೀವಾಗಿ ಕರೆದವರಿಗೆ ಮಾತ್ರ ಆ ಬಾಗಿಲು ತೆಗೀರಿ. ಅವರಾಗಿ ಬಂದವರಿಗೆ ಬೇಡ.

ಆರನೆಯದೇ ಕೊನೆಯದು. ಏನಾದರೂ ಆದರೆ ತಕ್ಷಣ ಬಾಯಿ ಬಿಡಿ. ದುಡ್ಡು ಹೋಗಿದ್ದರೆ ಮೊದಲು 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಹೇಳಿ, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ದೂರು ದಾಖಲಿಸಿ. ಮೈಸೂರಲ್ಲಿ ಇದಕ್ಕೆಂದೇ ಸೆನ್ ಪೊಲೀಸ್ ಠಾಣೆ ಇದೆ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರ್ತಾ ಇರುತ್ತೆ, ಅದು ಕೈ ದಾಟೋ ಮುಂಚೆ ತಡೆಯಬೇಕು. ಫೈಲ್ ಲಾಕ್ ಆಗಿದ್ದರೆ ಅವಸರದಲ್ಲಿ ಫಾರ್ಮ್ಯಾಟ್ ಮಾಡಿಸಬೇಡಿ. ಯುರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು ಸೇರಿ 2016ರಲ್ಲಿ ಶುರು ಮಾಡಿದ 'ನೋ ಮೋರ್ ರ‍್ಯಾನ್‌ಸಮ್' ತಾಣದಲ್ಲಿ ನಿಮ್ಮ ವೈರಸ್ಸಿಗೆ ಪುಕ್ಕಟೆ ಕೈ ಇದೆಯಾ ನೋಡಿ. ನಮ್ಮ ದೇಶದ ಸರ್ಟ್-ಇನ್ ಸಂಸ್ಥೆ ನಡೆಸೋ ಸೈಬರ್ ಸ್ವಚ್ಛತಾ ಕೇಂದ್ರದಲ್ಲೂ ವೈರಸ್ ತೆಗೆಯೋ ಪುಕ್ಕಟೆ ಸಾಧನಗಳಿವೆ. ಮೇಷ್ಟ್ರ ಹಾಡು ವಾಪಸ್ ಬಂದದ್ದೇ ಆ ಡಿಸ್ಕನ್ನು ನಾನು ಒರೆಸಿ ಹಾಕದೆ ಇಟ್ಟುಕೊಂಡಿದ್ದಕ್ಕೆ.

ಮನೆಯಲ್ಲಿರೋ ದೊಡ್ಡವರಿಗೆ ಒಂದು ಮಾತು. ಮಕ್ಕಳಾಗಲಿ ಅಜ್ಜಿ ತಾತಂದಿರಾಗಲಿ 'ಏನೋ ಒತ್ತಿಬಿಟ್ಟೆ' ಅಂತ ಬಂದು ಹೇಳಿದರೆ ಮೊದಲು ಬೈಬೇಡಿ. ಬೈದರೆ ಮುಂದಿನ ಸಲ ಹೇಳಲ್ಲ. ನನ್ನಂಥ ನಲವತ್ತೈದು ದಾಟಿದವನಿಗೇ ಹೇಳೋಕೆ ಮೂರು ದಿನ ಬೇಕಾಯಿತು.

ಇನ್ನು ನನ್ನಂಥ ಅಂಗಡಿಯವರ ಬಗ್ಗೆ. ಗೊತ್ತಿರೋರು, ನಂಬಿಕಸ್ಥರು, ಪಕ್ಕದ ಬೀದಿಯವರು ಅಂತ ನಮ್ಮ ಮಾತು ಕೇಳ್ತೀರಿ. ಕೇಳಿ, ಬೇಡ ಅನ್ನಲ್ಲ. ಆದರೆ 'ಕಾವಲು ಸ್ವಲ್ಪ ಹೊತ್ತು ಆಫ್ ಮಾಡಿ' ಅಂತ ಯಾರೇ ಹೇಳಿದರೂ, ಕೆಸರೆಯ ಈ ಅಂಗಡಿಯವನೇ ಹೇಳಿದರೂ, ಒಪ್ಪಬೇಡಿ. ಯಾಕೆ ಅಂತ ಕೇಳಿ.

ಆ ಹುಡುಗ ಈಗ ಕೆಲಸಕ್ಕೆ ಸೇರಿದ್ದಾನೆ. ತಿಂಗಳಿಗೊಂದು ಸಲ ಬಂದಾಗ ಬೀರುವಿನಿಂದ ಡಿಸ್ಕ್ ತೆಗೆದು, ಕಾಪಿ ಮಾಡಿ, ವೈರ್ ಬಿಚ್ಚಿ, ಅಜ್ಜಿಯ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಮತ್ತೆ ಒಳಗಿಡ್ತಾನೆ. ಹೋದ ವರ್ಷ ಮೇಷ್ಟ್ರು ಎಲ್ಲಾ ಹಾಡಿನ ಮೊದಲ ಸಾಲನ್ನು ನೆನಪಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದರು. ನಲವತ್ತೊಂದು ಸಿಕ್ಕಿವೆ. ಇನ್ನೆರಡು ಅವರಿಗೆ ನೆನಪಾಗ್ತಿಲ್ಲ. ಅವರ ನಾದಿನಿ ಒಬ್ಬರು ಟಿ. ನರಸೀಪುರದ ಕಡೆ ಇದ್ದಾರೆ, ಅವರನ್ನು ಕೇಳಬೇಕು ಅಂತಿದ್ದಾರೆ. ಕರ್ಕೊಂಡು ಹೋಗ್ತೀನಿ ಅಂತ ನಾನು ಒಪ್ಪಿಕೊಂಡಿದ್ದೀನಿ.

ಇವತ್ತು ಇದನ್ನು ಕೇಳಿ ಮುಗಿಸಿದ ಮೇಲೆ ಎದ್ದು ಹೋಗಿ ನಿಮ್ಮ ಕಂಪ್ಯೂಟರ್ ಹಿಂದೆ ಒಂದು ಸಲ ನೋಡಿ. ಡಿಸ್ಕ್ ಸಿಕ್ಕಿಸಿದ ಹಾಗೇ ಇದ್ದರೆ ತೆಗೆದಿಡಿ. ಡಿಸ್ಕೇ ಇಲ್ಲದಿದ್ದರೆ ಒಂದು ತಗೊಳ್ಳಿ. ನಮ್ಮ ಅಂಗಡಿಯಲ್ಲೇ ತಗೋಬೇಕು ಅಂತ ಏನಿಲ್ಲ.